ನಿಂದು ಯಾವ ಕಾಸ್ಟು? (ಕುಟ್ಟಿದ ಕಬ್ಬಿಣ, ಎರಕದ ಕಬ್ಬಿಣ ಮತ್ತು ಒಂದಿಷ್ಟು ಮಡಿ-ಮೈಲಿಗೆ)

"ಏನಪ್ಪಾ, ನಿಂದು ಕಾಸ್ಟಾ?"

ಮೊನ್ನೆ ಭಾನುವಾರ ಬೆಳಿಗ್ಗೆ ಆರೂವರೆಗೆ, ಇನ್ನೂ ಸರಿಯಾಗಿ ಕಣ್ಣು ಬಿಟ್ಟಿರದ ನನಗೆ ಬಿದ್ದ ಪ್ರಶ್ನೆ ಇದು. ಕೇಳಿದವರು ನಮ್ಮ ಆಫೀಸಿನ ಹಿರಿಯರೊಬ್ಬರು. ಜಾಗ ಗಾಲ್ಫ್ ಡ್ರೈವಿಂಗ್ ರೇಂಜ್. ಒಂದು ಕ್ಷಣ ಗಾಬರಿಯಾಯ್ತು. ಇದೇನಿದು, ಬೆಳಬೆಳಿಗ್ಗೆ ಜಾತಿ ಕೇಳ್ತಿದ್ದಾರಲ್ಲ ಅಂತ! ಆಮೇಲೆ ಅವರ ಕಣ್ಣು ನನ್ನ ಬ್ಯಾಗಿನ ಕಡೆ ಇರೋದು ನೋಡಿ ಗೊತ್ತಾಯ್ತು, ಅವರು ಕೇಳಿದ್ದು ಎರಕದ ಕಾಸ್ಟು. ಅಂದ್ರೆ ನನ್ನ ಐರನ್‌ಗಳು ಎರಕ ಹೊಯ್ದವೋ, ಕುಟ್ಟಿ ಮಾಡಿದವೋ ಅಂತ. "ಹೌದು ಸಾರ್, ಕಾಸ್ಟೇ" ಅಂದೆ. "ಇರ್ಲಿ ಬಿಡು, ಕಲಿಯೋರಿಗೆ ಪರವಾಗಿಲ್ಲ" ಅಂತ ಬೆನ್ನು ತಟ್ಟಿದರು. ಆಮೇಲೆ ತಮ್ಮ ಹೊಸ ಜಪಾನೀ ಸೆಟ್ಟನ್ನು ಬಟ್ಟೆ ಸರಿಸಿ ತೋರಿಸಿದರು, ಥೇಟ್ ಉತ್ಸವ ಮೂರ್ತಿ ತೋರಿಸೋ ಹಾಗೆ. "ಫೋರ್ಜ್ಡ್. ಸಮುರಾಯ್ ಕತ್ತಿ ಮಾಡ್ತಿದ್ದ ಊರಿಂದ ಬಂದಿರೋದು. ಕೈಗೇ ಗೊತ್ತಾಗುತ್ತೆ ವ್ಯತ್ಯಾಸ."

ಕನ್ನಡದಲ್ಲಿ ಎರಕಕ್ಕೂ ಕಾಸ್ಟು, ಜಾತಿಗೂ ಕಾಸ್ಟು, ಬೆಲೆಗೂ ಕಾಸ್ಟು. ಮೂರನ್ನೂ ಒಂದೇ ಥರ ಬರೀತೀವಿ. ಮನೆಗೆ ಬರ್ತಾ ಬೈಕಿನಲ್ಲಿ ಯೋಚನೆ ಮಾಡ್ತಿದ್ದೆ. ಅವರು ಕೇಳಿದ ಆ ಒಂದು ಪ್ರಶ್ನೆಯಲ್ಲಿ ಮೂರೂ ಇದ್ದವು! ಆ ಸಿಟ್ಟಲ್ಲೇ ಇದನ್ನ ಬರೀತಿದ್ದೀನಿ. ಗಾಲ್ಫ್ ಗೊತ್ತಿಲ್ಲದವರೂ ಓದಿ, ವಿಷಯ ಗಾಲ್ಫಿಗೆ ಮಾತ್ರ ಸಂಬಂಧಪಟ್ಟಿದ್ದಲ್ಲ.

ಮೊದಲು ಎರಡು ಮಾತು, ಗೊತ್ತಿಲ್ಲದವರಿಗೆ. ನಾನು ಐರನ್ ತಗೊಂಡೆ ಅಂತ ಫೋನಲ್ಲಿ ಹೇಳಿದಾಗ ನಮ್ಮಮ್ಮ "ಮನೇಲಿ ಇಸ್ತ್ರಿ ಪೆಟ್ಟಿಗೆ ಇತ್ತಲ್ಲೋ?" ಅಂದಿದ್ದರು :-) ಇದು ಆ ಐರನ್ ಅಲ್ಲ. ಗಾಲ್ಫ್ ಆಡೋ ಕೋಲುಗಳಲ್ಲಿ ತಲೆ ಕಬ್ಬಿಣದ್ದಾಗಿರೋ ಜಾತಿಗೆ (ನೋಡಿ, ಮತ್ತೆ ಜಾತಿ ಬಂತು!) ಐರನ್ ಅಂತ ಹೆಸರು. ಒಂದು ಸೆಟ್ಟಿನಲ್ಲಿ ಏಳೋ ಎಂಟೋ ಇರುತ್ತವೆ. ಒಂದೊಂದರ ತಲೆಯ ಓರೆ ಬೇರೆ, ಕೋಲಿನ ಉದ್ದ ಬೇರೆ, ತೂಕ ಬೇರೆ. ಒಂದಕ್ಕಿಂತ ಮುಂದಿನದರ ಕೋಲು ಸುಮಾರು ಅರ್ಧ ಇಂಚು ಗಿಡ್ಡ, ತಲೆ ಸುಮಾರು 7 ಗ್ರಾಂ ಜಾಸ್ತಿ. ಈ ತಲೆಯನ್ನು ಮಾಡೋಕೆ ಮುಖ್ಯವಾಗಿ ಎರಡು ದಾರಿ. ಕಾಯಿಸಿ ಬಡಿಯೋದು ಒಂದು, ಅದು ಫೋರ್ಜಿಂಗ್. ಕರಗಿಸಿ ಅಚ್ಚಿಗೆ ಹೊಯ್ಯೋದು ಇನ್ನೊಂದು, ಅದು ಕಾಸ್ಟಿಂಗ್. ಮೊದಲನೆಯದು ಮಡಿ, ಎರಡನೆಯದು ಮೈಲಿಗೆ ಅನ್ನೋದು ಗಾಲ್ಫ್ ಲೋಕದ ನಂಬಿಕೆ. ಒಳ್ಳೆ ಫೋರ್ಜ್ಡ್ ಸೆಟ್ಟಿನ ಬೆಲೆ ಆರಾಮಾಗಿ ಲಕ್ಷ ದಾಟುತ್ತೆ.

ನನ್ನ ಜಗಳ ಆ ಐರನ್‌ಗಳ ಜೊತೆ ಅಲ್ಲ. ಅವು ನಿಜಕ್ಕೂ ಚಂದ. ಹಿರಿಯರದ್ದನ್ನ ಕೈಗೆ ತಗೊಂಡು ನೋಡಿದೆ. ಬೆನ್ನಿನ ಬಾಗು, ಮೇಲಂಚಿನ ತೆಳುವು, ಕುತ್ತಿಗೆ ತಲೆಗೆ ಸೇರೋ ಕಡೆ ಒಂದಿಷ್ಟೂ ಎದ್ದು ಕಾಣದ ತಿರುವು... ದೃಷ್ಟಿ ಆಗಬೇಕು ಹಾಗಿತ್ತು. ನನ್ನ ಜಗಳ ಇರೋದು ಹೊಗಳಿಕೆಯ ಜೊತೆ. ಕಸುಬು ಒಂದು ಕಡೆ ಇದೆ, ಹಾರ ಬೀಳ್ತಿರೋದು ಇನ್ನೊಂದು ಕಡೆ.

ಹೆಂಗೆ ಮಾಡ್ತಾರೆ ನೋಡಿ. ಮಿಜುನೊ ಕಂಪನಿಯ ಫೋರ್ಜ್ಡ್ ಐರನ್‌ಗಳು 1968ರಿಂದ ಹಿರೋಶಿಮಾದ ಚುವೊ ಅನ್ನೋ ಕಾರ್ಖಾನೆಯಲ್ಲಿ ತಯಾರಾಗ್ತಿವೆ. ಅಲ್ಲಿ ಶುರುವಾಗೋದು ದುಂಡನೆಯ ಒಂದು ಉಕ್ಕಿನ ಸರಳಿನಿಂದ. ಇವರಿಗೆ ತುಂಬಾ ದಿನದಿಂದ ಇಷ್ಟವಾದ ಉಕ್ಕು 1025, ಅಂದ್ರೆ ಸುಮಾರು ಶೇಕಡಾ 0.25 ಇಂಗಾಲ ಇರೋ ಮೆದು ಉಕ್ಕು. ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಬಗ್ಗಿಸಿ, ಮೇಲೊಂದು ಕೆಳಗೊಂದು ಅಚ್ಚಿನ ಮಧ್ಯೆ ಇಟ್ಟು ಬಡೀತಾರೆ. ಬದಿಗೆ ಉಕ್ಕಿ ಬಂದ ಹೆಚ್ಚಿನ ಲೋಹವನ್ನ ಕತ್ತರಿಸ್ತಾರೆ. ಮತ್ತೆ ಕಾಯಿಸಿ ಮತ್ತೆ ಬಡೀತಾರೆ. ಆಮೇಲೆ ಕೋಲು ಕೂರೋಕೆ ತೂತು ಕೊರೆಯೋದು, ಉಜ್ಜೋದು, ಮುಖದ ಮೇಲೆ ಗೀರು ಹಾಕೋದು, ಮತ್ತೆ ಉಜ್ಜೋದು, ತುಕ್ಕು ಹಿಡೀದ ಹಾಗೆ ನಿಕ್ಕಲ್ಲು ಕ್ರೋಮಿನ ಲೇಪ ಕೊಡೋದು.

ಈಗ ಹೇಳಿ, ಇದರಲ್ಲಿ ಕೈ ಎಲ್ಲಿದೆ?

ಬಡಿಯೋದರಲ್ಲಿ ಇಲ್ಲ! ಬಡಿಯೋದು ಯಂತ್ರದ ಸುತ್ತಿಗೆ, ಆಕಾರ ಕೊಡೋದು ಅಚ್ಚು. ಕೆಲಸಗಾರ ಇಕ್ಕಳದಲ್ಲಿ ಹಿಡಿದು ಇಡ್ತಾನೆ, ತೆಗೀತಾನೆ. ಅದಕ್ಕೂ ಅಭ್ಯಾಸ ಬೇಕು, ಬಿಸಿಯಲ್ಲಿ ನಿಲ್ಲೋ ಎದೆ ಬೇಕು, ಇಲ್ಲ ಅನ್ನೋದಿಲ್ಲ. ಆದರೆ ಮುಖ್ಯವಾದ ಕೈ ಇರೋದು ಉಜ್ಜೋ ಕಡೆ. ಅಚ್ಚಿನಿಂದ ಬಂದ ತಲೆ ಬೇಕಾದ್ದಕ್ಕಿಂತ ದಪ್ಪ ಇರುತ್ತೆ. ಸಾಣೆ ಪಟ್ಟಿ ಮುಂದೆ ಕೂತವನು ಅದನ್ನ ಹಿಡಿದು, ತಿರುಗಿಸಿ, ಕಣ್ಣಳತೆಯಲ್ಲಿ ಮೇಲಂಚು ಸರಿ ಮಾಡ್ತಾನೆ, ತಳದ ಬಾಗು ತರ್ತಾನೆ, ತಕ್ಕಡಿಗೆ ಹಾಕ್ತಾನೆ, ಮತ್ತೆ ಉಜ್ಜುತಾನೆ. ತಲೆಯ ತೂಕ 2 ಗ್ರಾಂ ಆಚೀಚೆ ಆದ್ರೆ ಬೀಸುವಾಗಿನ ಭಾರದ ಅಳತೆಯಲ್ಲಿ ಸುಮಾರು ಒಂದು ಅಂಕ ಬದಲಾಗುತ್ತೆ. ತಳದ ಬಾಗು ತಪ್ಪಿದ್ರೆ ಐರನ್ನು ಹುಲ್ಲಲ್ಲಿ ಜಾರೋ ಬದಲು ಅಗೀತದೆ. ಆಟ ಗೆಲ್ಲಿಸೋ ಕಸುಬು ಇದು. ಇದನ್ನ ಕುಟ್ಟಿದ ತಲೆಗೂ ಮಾಡಬಹುದು, ಎರಕದ ತಲೆಗೂ ಮಾಡಬಹುದು. ಸಾಣೆಗೆ ಜಾತಿ ಇಲ್ಲ.

ಆದ್ರೆ ನಮ್ಮ ಫೋರ್ಜ್ಡ್ ಭಕ್ತರು ಇದನ್ನ ಹೊಗಳೋದಿಲ್ಲ. ಅವರು ಹೊಗಳೋದು ಹುಟ್ಟನ್ನ. ಅವರ ವಾದಗಳನ್ನ ಒಂದೊಂದಾಗಿ ತಗೊಳ್ಳೋಣ.

ವಾದ ಒಂದು: "ಫೋರ್ಜ್ಡ್ ಮೆತ್ತಗೆ ಇರುತ್ತೆ, ಕೈಗೇ ಗೊತ್ತಾಗುತ್ತೆ."

ಚೆಂಡು ಐರನ್ನಿನ ಮುಖಕ್ಕೆ ತಾಗಿ ಬಿಟ್ಟು ಹೋಗೋಕೆ ಹಿಡಿಯೋ ಸಮಯ ಸುಮಾರು ಅರ್ಧ ಮಿಲಿಸೆಕೆಂಡು. ಅಂದ್ರೆ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ. ಕೈಯ ನರದಿಂದ ಮೆದುಳಿಗೆ ಸುದ್ದಿ ಮುಟ್ಟೋ ಹೊತ್ತಿಗೆ ಚೆಂಡು ಆಗಲೇ ಒಂದು ಮಾರು ಆಚೆ ಹೋಗಿರುತ್ತೆ. ನಿಮಗೆ "ಗೊತ್ತಾಗೋದು" ಏಟು ಬಿದ್ದ ಮೇಲೆ ಉಳಿದ ನಡುಕ ಮತ್ತು ಸದ್ದು.

ಇನ್ನು ಮೆತ್ತಗೆ ಅನ್ನೋ ಮಾತು. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಂದು ಬಿದ್ದ ನನ್ನಂಥವರಿಗೆ ಇದು ಮೂರನೇ ಸೆಮಿಸ್ಟರಿನ ಪಾಠ. ಗಡಸುತನ ಬೇರೆ, ಬಿಗುವು ಬೇರೆ. 1025 ಉಕ್ಕಿಗಿಂತ ಎರಕಕ್ಕೆ ಬಳಸೋ 17-4 ಸ್ಟೇನ್‌ಲೆಸ್ ಉಕ್ಕು ಗಡಸು, ನಿಜ. ಅಂದ್ರೆ ಅದಕ್ಕೆ ಗೀರು ಬೀಳೋದು, ಶಾಶ್ವತವಾಗಿ ಬಗ್ಗೋದು ಕಷ್ಟ. ಆದ್ರೆ ಏಟು ಬಿದ್ದಾಗ ಎಷ್ಟು ಬಾಗಿ ವಾಪಸ್ ಬರುತ್ತೆ ಅನ್ನೋದನ್ನ ನಿರ್ಧರಿಸೋದು ಯಂಗ್ಸ್ ಮಾಡ್ಯುಲಸ್. ಅದು ಎರಡಕ್ಕೂ 200 ಗಿಗಾಪಾಸ್ಕಲ್ ಆಸುಪಾಸಿನಲ್ಲೇ ಇದೆ. ಚೆಂಡಿಗಂತೂ ಎರಡೂ ಬಂಡೆಯೇ. ಅಪ್ಪಚ್ಚಿಯಾಗೋದು ಚೆಂಡು, ಉಕ್ಕಲ್ಲ.

ಹಾಗಾದ್ರೆ ಆ ಮೆತ್ತನೆಯ ಅನುಭವ ಸುಳ್ಳಾ? ಸುಳ್ಳಲ್ಲ. ಅದು ಬಹುಪಾಲು ಬರೋದು ಕಿವಿಯಿಂದ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು 2005ರಲ್ಲಿ ಇದರ ಬಗ್ಗೆ ಒಂದು ಸಂಶೋಧನೆ ಪ್ರಕಟಿಸಿದ್ದರು. ಆಟಗಾರರು ಏಟಿನ ಸದ್ದಿನ ಬಗ್ಗೆ ಹೇಳಿದ್ದಕ್ಕೂ, ಏಟಿನ ಅನುಭವ ಹಿತವಾಗಿತ್ತೋ ಇಲ್ಲವೋ ಅಂತ ಹೇಳಿದ್ದಕ್ಕೂ ಗಟ್ಟಿ ಸಂಬಂಧ ಕಂಡುಬಂತು. ಇದರಲ್ಲಿ ಆಶ್ಚರ್ಯ ಏನಿಲ್ಲ. ಹಪ್ಪಳ ಗರಿಗರಿಯಾಗಿದೆ ಅಂತ ನಾವು ಹೇಳೋದು ಅರ್ಧ ನಾಲಿಗೆಯಿಂದ, ಅರ್ಧ ಕಿವಿಯಿಂದ ಅಲ್ವಾ? ಸದ್ದು ಹೆಂಗಿರಬೇಕು ಅಂತ ನಿರ್ಧರಿಸೋದು ತಲೆಯ ಆಕಾರ, ದಪ್ಪ, ತೂಕ ಎಲ್ಲೆಲ್ಲಿ ಕೂತಿದೆ ಅನ್ನೋದು, ಯಾವ ಚೆಂಡು ಅನ್ನೋದು. ಅಂದ್ರೆ ವಿನ್ಯಾಸ.

ನಾನೂ ಒಬ್ಬ ಗೆಳೆಯನೂ ಒಂದು ದಿನ ಹುಡುಗಾಟಕ್ಕೆ ಪರೀಕ್ಷೆ ಮಾಡಿದ್ವಿ. ಹೆಚ್ಚು ಕಡಿಮೆ ಒಂದೇ ಆಕಾರದ ಎರಡು ಏಳನೇ ನಂಬರಿನ ಐರನ್ನು, ಒಂದು ಫೋರ್ಜ್ಡ್, ಇನ್ನೊಂದು ಕಾಸ್ಟ್. ಗುರುತು ಸಿಗದ ಹಾಗೆ ಬೆನ್ನಿಗೆ ಟೇಪು. ಕಿವಿ ಬಿಟ್ಟುಕೊಂಡು ಹೊಡೆದಾಗ ಅವನು ಆಗಾಗ ಸರಿಯಾಗಿ ಹೇಳಿದ. ಕಿವಿಗೆ ಫೋಮು ತುರುಕಿ, ಮೇಲೆ ಹೆಡ್‌ಫೋನು ಹಾಕಿ ಹೊಡೆಸಿದಾಗ ಅವನ ಊಹೆಗೂ ನಾಣ್ಯ ಚಿಮ್ಮೋದಕ್ಕೂ ವ್ಯತ್ಯಾಸ ಇರಲಿಲ್ಲ. ಇದನ್ನ ವಿಜ್ಞಾನ ಅಂತ ನಾನು ಹೇಳಲ್ಲ. ನಮ್ಮಿಬ್ಬರ ಆಟವೂ ಅಷ್ಟಕ್ಕಷ್ಟೇ :-) ಆದ್ರೆ "ಕೈಗೇ ಗೊತ್ತಾಗುತ್ತೆ" ಅನ್ನೋರು ಒಂದು ಸಲ ಕಿವಿ ಮುಚ್ಚಿಕೊಂಡು ನೋಡಲಿ. ಅಷ್ಟೇ ಕೇಳೋದು.

ವಾದ ಎರಡು: "ಬಡಿದಾಗ ಉಕ್ಕಿನ ಎಳೆ ಒಂದೇ ದಿಕ್ಕಿಗೆ ಹರಿಯುತ್ತೆ, ತಲೆಯಿಂದ ಕುತ್ತಿಗೆವರೆಗೆ ಕಡಿಯದ ಎಳೆ."

ಇದನ್ನೇ ಮಿಜುನೊ ಗ್ರೇನ್ ಫ್ಲೋ ಅಂತ ಹೆಸರಿಟ್ಟು ಮಾರೋದು. ಎಳೆ ಹರಿಯೋದು ನಿಜ. ಅದರಿಂದ ಉಪಯೋಗ ಇರೋದೂ ನಿಜ. ಎಲ್ಲಿ? ನಿಮ್ಮ ಬೈಕಿನ ಕನೆಕ್ಟಿಂಗ್ ರಾಡಿನಲ್ಲಿ, ಲಾರಿಯ ಕ್ರ್ಯಾಂಕ್ ಶಾಫ್ಟಿನಲ್ಲಿ. ನಿಮಿಷಕ್ಕೆ ಸಾವಿರಾರು ಸಲ ಎಳೆದು ತಳ್ಳಿಸಿಕೊಂಡು ವರ್ಷಗಟ್ಟಲೆ ಬಾಳಬೇಕಾದ ಭಾಗಗಳವು. ನಾವು ವಾರಕ್ಕೊಂದು ದಿನ ಚೆಂಡಿಗೆ (ಮತ್ತು ನೆಲಕ್ಕೆ) ಬಡಿಯೋ ಐರನ್ನಿಗೆ ಆ ದಣಿವು ಎಲ್ಲಿಂದ ಬರಬೇಕು?

ಇನ್ನೂ ತಮಾಷೆ ಇದೆ. ಹ್ಯೋಗೊ ಪ್ರಾಂತ್ಯದಲ್ಲಿ ಹಿಮೇಜಿ ಊರಿನ ಉತ್ತರಕ್ಕೆ ಇಚಿಕಾವಾ ಅಂತ ಸಣ್ಣ ಪಟ್ಟಣ. ಜಪಾನಿನ ಐರನ್ ಕಸುಬಿಗೆ ಇದು ತವರು. ಈ ಸೀಮೆಯಲ್ಲಿ 1930ರ ಸುಮಾರಿಗೇ ಸ್ಥಳೀಯ ಕಮ್ಮಾರಿಕೆಯಿಂದ ಐರನ್ ತಲೆ ಮಾಡೋದು ಶುರುವಾಯ್ತು. ಕಾತ್ಸುಹಿರೊ ಮಿಉರಾ ಅನ್ನೋ ಕಸುಬುದಾರ 1977ರಲ್ಲಿ ಈ ಸೀಮೆಯಲ್ಲೇ ತನ್ನ ಕಂಪನಿ ಕಟ್ಟಿದ್ದು. ಫೋರ್ಜ್ಡ್ ಭಕ್ತರಿಗೆ ಮಿಉರಾ ಅಂದ್ರೆ ಕಾಶಿ. ಆ ಮಿಉರಾದಲ್ಲಿ ಕುತ್ತಿಗೆಯನ್ನ ಬೇರೆ ಮಾಡಿ, ತಿರುಗಿಸಿ ಉಜ್ಜಿದ ಬಿಸಿಯಲ್ಲಿ ತಲೆಗೆ ಬೆಸೀತಾರೆ! ಹಂಗೆ ಮಾಡಿದ್ರೆ ಕುತ್ತಿಗೆ ತೂಕ ಎಲ್ಲದರಲ್ಲೂ ಒಂದೇ ಥರ ಬರುತ್ತೆ ಅನ್ನೋದು ಅವರ ಲೆಕ್ಕ. ಮಿಜುನೊದವರು ಒಂದೇ ತುಂಡು ಶ್ರೇಷ್ಠ ಅಂತಾರೆ, ಮಿಉರಾದವರು ಎರಡು ತುಂಡು ಬೆಸೆದರೆ ಶ್ರೇಷ್ಠ ಅಂತಾರೆ. ಭಕ್ತರು ಎರಡೂ ಕಡೆ ಕೈ ಮುಗೀತಾರೆ. ಎರಡೂ ಅದ್ಭುತ ಐರನ್‌ಗಳೇ. ಹಾಗಿದ್ದ ಮೇಲೆ ಕಡಿಯದ ಎಳೆಯಿಂದಲೇ ಅದ್ಭುತ ಬರೋದು ಅನ್ನೋ ಮಾತು ಎಲ್ಲಿ ನಿಂತಿತು?

ವಾದ ಮೂರು: "ದೊಡ್ಡ ಆಟಗಾರರೆಲ್ಲ ಫೋರ್ಜ್ಡೇ ಆಡೋದು."

ತುಂಬಾ ಜನ ಆಡ್ತಾರೆ, ಎಲ್ಲರೂ ಅಲ್ಲ. ಬಬ್ಬಾ ವಾಟ್ಸನ್ 2012ರಲ್ಲಿ ಮಾಸ್ಟರ್ಸ್ ಗೆದ್ದಾಗ ಅವನ ಬ್ಯಾಗಿನಲ್ಲಿದ್ದದ್ದು ಪಿಂಗ್ ಕಂಪನಿಯ ಎರಕದ ಐರನ್‌ಗಳು. ಬ್ರೈಸನ್ ಡಿಶಾಂಬೊ 2024ರಲ್ಲಿ ಯುಎಸ್ ಓಪನ್ ಗೆದ್ದಿದ್ದು 3ಡಿ ಪ್ರಿಂಟ್ ಮಾಡಿದ ಐರನ್‌ಗಳಿಂದ. ಬಡಿದೂ ಇಲ್ಲ, ಎರಕವೂ ಹೊಯ್ದಿಲ್ಲ, ಲೋಹದ ಪುಡಿಯನ್ನ ಪದರ ಪದರವಾಗಿ ಕೂಡಿಸಿದ್ದು. ಅದಕ್ಕೆ ಯಾವ ಗೋತ್ರ ಕೊಡ್ತೀರಿ?

ಎರಕ ಅಂದ್ರೆ ಕೀಳು ಅನ್ನೋರಿಗೆ ಇನ್ನೊಂದು ಮಾತು. ವಿಮಾನದ ಎಂಜಿನ್ನಿನೊಳಗೆ ಅತಿ ಹೆಚ್ಚು ಬಿಸಿ ಇರೋ ಕಡೆ ತಿರುಗೋ ಟರ್ಬೈನ್ ಅಲಗುಗಳು ಎರಕದವು. ನಮ್ಮ ಬೆಂಗಳೂರಿನ ಎಚ್ಎಎಲ್‌ನಲ್ಲಿ ಒಂದು ವಿಭಾಗ ಇದೆ, ಅದರ ಹೆಸರೇ ಫೌಂಡ್ರಿ ಅಂಡ್ ಫೋರ್ಜ್. ಎರಕವೂ ಕುಟ್ಟೋದೂ ಒಂದೇ ಬೋರ್ಡಿನ ಕೆಳಗೆ! ಇಂಜಿನಿಯರ್ ಆದವನು "ಈ ಭಾಗದ ಕೆಲಸ ಏನು?" ಅಂತ ಕೇಳಿ ದಾರಿ ಆರಿಸ್ತಾನೆ. "ಯಾವುದು ಮೇಲು?" ಅಂತ ಕೇಳೋನು ಇಂಜಿನಿಯರ್ ಅಲ್ಲ, ಪುರೋಹಿತ.

ಈ ಎರಕದ ಐರನ್ನು ಜನಪ್ರಿಯ ಮಾಡಿದವನ ಕಥೆ ಹೇಳದೆ ಇದ್ರೆ ತಪ್ಪಾಗುತ್ತೆ. ಕಾರ್ಸ್ಟನ್ ಸೋಲ್‌ಹೈಮ್. 1911ರಲ್ಲಿ ನಾರ್ವೆಯ ಬೆರ್ಗೆನ್‌ನಲ್ಲಿ ಹುಟ್ಟಿ, ಅಪ್ಪನ ಜೊತೆ ಅಮೆರಿಕಕ್ಕೆ ಬಂದವನು. ಇಂಜಿನಿಯರಿಂಗಿಗೆ ಸೇರಿ, ಆರ್ಥಿಕ ಕುಸಿತದ ಕಾಲದಲ್ಲಿ ದುಡ್ಡಿಲ್ಲದೆ ಬಿಟ್ಟು, ಚಪ್ಪಲಿ ಹೊಲಿಯೋ ಕೆಲಸ ಮಾಡಿದವನು. ಆಮೇಲೆ ದುಡೀತಾ ದುಡೀತಾ ಇಂಜಿನಿಯರ್ ಆಗಿ ಜನರಲ್ ಎಲೆಕ್ಟ್ರಿಕ್ ಸೇರಿದ. ನಡುವಯಸ್ಸಿನಲ್ಲಿ ಗಾಲ್ಫ್ ಹತ್ತಿಸಿಕೊಂಡು, ತನ್ನ ಪಟರ್ ಸರಿ ಇಲ್ಲ ಅನ್ನಿಸಿ, 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ತಾನೇ ಒಂದು ಮಾಡಿಕೊಂಡ. ಚೆಂಡಿಗೆ ತಾಗಿದಾಗ "ಪಿಂಗ್" ಅಂತು, ಅದೇ ಹೆಸರಾಯ್ತು. 1967ರಲ್ಲಿ ನೌಕರಿ ಬಿಟ್ಟು ಪೂರ್ತಿ ಇದಕ್ಕೇ ಇಳಿದ.

ಅವನ ತಲೆಗೆ ಹೊಳೆದದ್ದು ಸರಳ ವಿಷಯ. ಹಿಂದಿನ ಕಾಲದ ಕುಟ್ಟಿದ ಐರನ್ನಿನಲ್ಲಿ ತೂಕವೆಲ್ಲ ನಡುವೆ ಗುಂಪಾಗಿರ್ತಿತ್ತು. ಚೆಂಡು ಸರಿಯಾಗಿ ನಡುವೆ ಬಿದ್ದರೆ ಸೊಗಸು, ಒಂದು ಬೆರಳು ಆಚೆ ಬಿದ್ದರೆ ತಲೆ ತಿರುಚಿಕೊಳ್ಳುತ್ತೆ, ಚೆಂಡು ಎಲ್ಲೋ ಹೋಗುತ್ತೆ. ಅಡ್ಡೆ ಹೊರೋರನ್ನ ನೋಡಿದ್ದೀರಲ್ಲ? ಹೆಗಲ ಮೇಲಿನ ಬಿದಿರಿನ ಎರಡು ತುದಿಗೂ ತುಂಬಿದ ಕೊಡ ಇದ್ರೆ, ಒಂದು ತುದಿಗೆ ಯಾರಾದ್ರೂ ತಾಗಿದರೂ ಅಡ್ಡೆ ಸುಲಭಕ್ಕೆ ತಿರುಗೋದಿಲ್ಲ. ಅದೇ ಎರಡು ಕೊಡವನ್ನೂ ನಡುವಿಗೆ ಕಟ್ಟಿದ್ರೆ ಮುಟ್ಟಿದ ತಕ್ಷಣ ಗಿರ್ರನೆ ತಿರುಗುತ್ತೆ. ಸೋಲ್‌ಹೈಮ್ ಮಾಡಿದ್ದು ಇಷ್ಟೇ, ನಡುವಿನ ತೂಕ ತೆಗೆದು ಅಂಚಿಗೆ ಹಾಕಿದ. ಬೆನ್ನಿನಲ್ಲಿ ಹೊಂಡ ಬಂತು. ಅಂಥ ಆಕಾರಕ್ಕೆ ಅವನಿಗೆ ಎರಕ ಅನುಕೂಲವಾಯ್ತು. 1982ರಲ್ಲಿ ಬಂದ ಅವನ ಪಿಂಗ್ ಐ-2 ಐರನ್ನು ಲಕ್ಷಾಂತರ ಸಾಮಾನ್ಯ ಆಟಗಾರರ ಆಟ ಸುಧಾರಿಸಿತು. ನೋಡೋಕೆ ಚೆನ್ನಾಗಿರಲಿಲ್ಲ ಬಿಡಿ, ಗುದ್ದಲಿ ಥರ ಇತ್ತು :-)

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ತೂಕ ನಡುವೆ ಇರೋದಾ, ಅಂಚಿನಲ್ಲಿರೋದಾ ಅನ್ನೋದು ಒಂದು ಪ್ರಶ್ನೆ. ಕುಟ್ಟಿದ್ದಾ, ಎರಕದ್ದಾ ಅನ್ನೋದು ಬೇರೆಯೇ ಪ್ರಶ್ನೆ. ಬೆನ್ನಲ್ಲಿ ಹೊಂಡ ಇರೋ ಫೋರ್ಜ್ಡ್ ಐರನ್‌ಗಳೂ ಬೇಕಾದಷ್ಟಿವೆ. "ನನ್ನ ಹಳೇ ಕಾಸ್ಟ್ ಐರನ್ನಿಗಿಂತ ಹೊಸ ಫೋರ್ಜ್ಡ್ ಎಷ್ಟು ಹಿತ!" ಅನ್ನೋರು ಹೆಚ್ಚಾಗಿ ಹೋಲಿಸ್ತಿರೋದು ಎರಡು ಬೇರೆ ಆಕಾರಗಳನ್ನ, ಎರಡು ಬೇರೆ ಕೋಲುಗಳನ್ನ, ಹಳೇ ಸವೆದ ಗ್ರಿಪ್ಪು ಮತ್ತು ಹೊಸ ಗ್ರಿಪ್ಪನ್ನ. ನಾವು ಕೋಡಿನಲ್ಲಿ ಒಂದೇ ಸಲ ಐದು ಕಡೆ ಬದಲಾಯಿಸಿ "ಈ ಸಾಲಿನಿಂದಲೇ ಸರಿಹೋಯ್ತು" ಅಂದ್ರೆ ಯಾರಾದ್ರೂ ಒಪ್ಪುತ್ತಾರಾ?

ಸೋಲ್‌ಹೈಮ್ ಬಳಸಿದ ಎರಕದ ವಿಧಾನವನ್ನೇ ನೋಡಿ. ಮೊದಲು ಮೇಣದಲ್ಲಿ ತಲೆಯ ಆಕಾರ ಮಾಡಿಕೊಳ್ಳೋದು, ಅದರ ಮೇಲೆ ಸುಡುಮಣ್ಣಿನ ಥರದ ಕವಚ ಪದರ ಪದರವಾಗಿ ಕಟ್ಟೋದು, ಕಾಯಿಸಿ ಮೇಣ ಇಳಿಸೋದು, ಖಾಲಿಯಾದ ಜಾಗಕ್ಕೆ ಕರಗಿದ ಉಕ್ಕು ಹೊಯ್ಯೋದು, ಕವಚ ಒಡೆಯೋದು. ಇದೇ ತತ್ವವನ್ನ 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ವಿಗ್ರಹ ಮಾಡೋ ವಿಧಾನವಾಗಿ ವಿವರಿಸಿದ್ದಾನೆ. ನಮ್ಮ ನಾಗಮಂಗಲದ ವಿಗ್ರಹದ ಕಸುಬಿನವರ ಹೆಸರು ಕೇಳಿರ್ತೀರಿ. ಆ ಕೈಗಳಲ್ಲಿ ಹುಟ್ಟಿದ ಮೂರ್ತಿಗೆ ಅಡ್ಡ ಬೀಳುವಾಗ "ಇದು ಎರಕದ್ದು, ಕುಟ್ಟಿದ್ದಲ್ಲ" ಅಂತ ಯಾರೂ ಮೂಗು ಮುರಿಯಲ್ಲ. ಗಾಲ್ಫ್ ಕೋಲಿಗೆ ಬಂದಾಗ ಮಾತ್ರ ಎರಕ ಮೈಲಿಗೆ! (ಈಗ "ನಮ್ಮವರು ಎಲ್ಲ ಮೊದಲೇ ಕಂಡುಹಿಡಿದಿದ್ದರು" ಅನ್ನೋ ಪುರಾಣ ಶುರು ಮಾಡಬೇಡಿ. ನಾನು ಹೇಳ್ತಿರೋದು ಅದಲ್ಲ.)

ನ್ಯಾಯವಾಗಿ ಮಾತಾಡೋದಾದ್ರೆ ಫೋರ್ಜ್ಡ್ ಕಡೆಗೂ ಒಳ್ಳೆ ಕಾರಣಗಳಿವೆ. ಮೆದು ಉಕ್ಕನ್ನ ಬಗ್ಗಿಸೋದು ಸುಲಭ. ಉದ್ದ ಕೈಯವರಿಗೆ, ಗಿಡ್ಡ ಇರೋರಿಗೆ ಕುತ್ತಿಗೆಯನ್ನ ಒಂದೆರಡು ಡಿಗ್ರಿ ಬಗ್ಗಿಸಿ ಹೊಂದಿಸಿ ಕೊಡಬಹುದು. 17-4 ಉಕ್ಕಿನಲ್ಲಿ ಅದು ಕಷ್ಟದ ಕೆಲಸ. ಎರಕದಲ್ಲಿ ಬರಬಹುದಾದ ಗಾಳಿಗುಳ್ಳೆಯ ಭಯ ಕುಟ್ಟಿದ್ದರಲ್ಲಿ ಇಲ್ಲ. ಇವು ನಿಜವಾದ ಗುಣಗಳು, ಅಳೆದು ತೋರಿಸಬಹುದಾದವು. ಆದ್ರೆ ಗಮನಿಸಿ, ಬಗ್ಗೋ ಗುಣ ಬಂದಿದ್ದು ಉಕ್ಕು ಮೆದು ಅನ್ನೋದರಿಂದ, ಬಡಿದಿದ್ದಾರೆ ಅನ್ನೋದರಿಂದಲ್ಲ. ಮೆದು ಇಂಗಾಲದ ಉಕ್ಕಿನಲ್ಲಿ ಎರಕ ಹೊಯ್ದರೂ ಬಗ್ಗುತ್ತೆ. ಇಂಥ ಗುಣ ನೋಡಿ ದುಡ್ಡು ಕೊಡೋರ ಬಗ್ಗೆ ನನಗೆ ತಕರಾರಿಲ್ಲ. ಚಂದ ಇದೆ ಅಂತ ಕೊಂಡರೂ ತಕರಾರಿಲ್ಲ. ಚಂದಕ್ಕೆ ದುಡ್ಡು ಕೊಡೋದು ಪಾಪ ಅಲ್ಲ.

ನನಗೆ ಸಿಟ್ಟು ಬರೋದು ಹುಟ್ಟಿನ ಹೆಸರು ಮುಂದೆ ಮಾಡಿ ಕೈಯ ಹೆಸರು ಮುಚ್ಚೋದಕ್ಕೆ. ಈಗ ಮುಖ ಮಾತ್ರ ಕುಟ್ಟಿ, ಮೈ ಎರಕದ್ದಾದ ಐರನ್‌ಗಳ ಮೇಲೂ "ಫೋರ್ಜ್ಡ್" ಅಂತ ಕೆತ್ತಿ ಮಾರ್ತಾರೆ. ಪದವೇ ಸರಕು, ಐರನ್ನು ಅದರ ಜೊತೆ ಬರೋ ಪೊಟ್ಟಣ. ಇನ್ನೊಂದು ಕಡೆ, ಜಪಾನಿನ ನಿಈಗಾತ ಪ್ರಾಂತ್ಯದ ತ್ಸುಬಾಮೆ ಊರಿನಲ್ಲಿ ಎಂಡೋ ಅನ್ನೋ ಕಾರ್ಖಾನೆ ಇದೆ. ಹಿಂದೆ ಮೊಳೆ ಬಡೀತಾ, ಆಮೇಲೆ ಚಮಚ ಚಾಕು ಮಾಡ್ತಾ ಬಂದ ಲೋಹದ ಕೆಲಸದವರ ಸೀಮೆ ಅದು. ಎಂಡೋದವರು ಎಷ್ಟೋ ದೊಡ್ಡ ಬ್ರಾಂಡುಗಳಿಗೆ ತಲೆ ಕುಟ್ಟಿ ಕೊಟ್ಟಿದ್ದಾರೆ, ಥಾಯ್ಲೆಂಡಿನಲ್ಲೂ ಅವರ ಕಾರ್ಖಾನೆ ಇದೆ. ಆ ತಲೆಗಳ ಮೇಲೆ ಬ್ರಾಂಡಿನ ಹೆಸರು ಇರುತ್ತೆ, ಎಂಡೋ ಹೆಸರು ಇರೋದಿಲ್ಲ. ತಮ್ಮ ಹೆಸರಿಗೆ ಅಂತ ಅವರು ಎಪಾನ್ ಅನ್ನೋ ಬೇರೆ ಬ್ರಾಂಡನ್ನೇ ಶುರು ಮಾಡಬೇಕಾಯ್ತು.

ಹಿಂದೆ ಹೀಗಿರಲಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಟಾಮ್ ಸ್ಟೂವರ್ಟ್ ಅಂತ ಕಮ್ಮಾರ ಇದ್ದ. ಅವನ ಕುಲುಮೆಯಿಂದ ಹೋದ ಐರನ್ನಿನ ಬೆನ್ನಿಗೆ ಹೊಗೆ ಸೇದೋ ಪೈಪಿನ ಗುರುತು ಇರ್ತಿತ್ತು. ಯಾವ ಅಂಗಡಿಯವನ ಹೆಸರು ಜೊತೆಗಿದ್ದರೂ ಪೈಪು ಇರ್ತಿತ್ತು. ಜನ ಪೈಪು ನೋಡಿ ಕೊಳ್ತಿದ್ದರು. ಕುಟ್ಟಿದ್ದು ಅಂತಲ್ಲ, ಇಂಥವನು ಕುಟ್ಟಿದ್ದು ಅಂತ. ಎರಡಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ.

ಕೊನೆಗೆ ಸ್ವಲ್ಪ ನಮ್ಮ ಕಡೆ ಬರ್ತೀನಿ. ಆ ಹಿರಿಯರು "ಕತ್ತಿ ಮಾಡೋರ ಊರು" ಅಂದಾಗ ನನಗೆ ನೆನಪಾಗಿದ್ದು ನಮ್ಮೂರ ಕುಲುಮೆ. ನಾನು ಪ್ರೈಮರಿ ಸ್ಕೂಲಲ್ಲಿದ್ದಾಗ ತಾತನ ಜೊತೆ ಹೋಗ್ತಿದ್ದೆ, ಕುಡುಗೋಲು ತಟ್ಟಿಸೋಕೆ. ತಿದಿ ಹೋಗಿ ಆಗಲೇ ಕೈಯಲ್ಲಿ ತಿರುಗಿಸೋ ಫ್ಯಾನು ಬಂದಿತ್ತು. "ತಿರುಗ್ಸಪ್ಪ ಮಗ, ಜೋರಾಗಿ" ಅಂತ ಆಚಾರ್ರು ನನ್ನ ಕೈಗೆ ಕೊಡ್ತಿದ್ದರು. ಅವರ ಹತ್ತಿರ ಬಣ್ಣ ನೋಡೋ ಕಣ್ಣಿತ್ತು. ಕಬ್ಬಿಣ ಯಾವ ಕೆಂಪಿಗೆ ಬಂದಾಗ ಎತ್ತಬೇಕು, ಅಂಚನ್ನ ಎಷ್ಟು ಹೊತ್ತು ನೀರಿಗೆ ಹಿಡಿದರೆ ಹದ ಸರಿಯಾಗುತ್ತೆ ಅಂತ. ಹಳೇ ಲಾರಿಯ ಕಮಾನು ಪಟ್ಟಿಯಲ್ಲಿ ಅವರು ಮಾಡಿದ ಮಚ್ಚು ನಮ್ಮ ಮನೆಯಲ್ಲಿ ಇವತ್ತಿಗೂ ತೆಂಗಿನಕಾಯಿ ಸುಲಿಯುತ್ತೆ. ಅಲ್ಲಿ ಯಂತ್ರದ ಸುತ್ತಿಗೆ ಇರಲಿಲ್ಲ, ಅಚ್ಚೂ ಇರಲಿಲ್ಲ. ನಿಜವಾಗಿ ಕೈಯಿಂದ ಕುಟ್ಟಿದ್ದು ಅಂದ್ರೆ ಅದು.

ಅದಕ್ಕೆ ನಾವು ಕೊಟ್ಟಿದ್ದು ಏನು? ತಟ್ಟಿಸೋಕೆ ಹತ್ತು ರೂಪಾಯಿ ಕೇಳಿದರೆ ಎಂಟಕ್ಕೆ ಚೌಕಾಸಿ. ಊರ ಹಬ್ಬದ ಪಂಕ್ತಿಯಲ್ಲಿ ಅವರು ಎಲ್ಲಿ ಕೂರಬೇಕು ಅಂತ ಒಂದು ಲೆಕ್ಕ. ಅವರ ಮಗ ಕುಲುಮೆ ಮುಚ್ಚಿ ಬೆಂಗಳೂರಲ್ಲಿ ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡ್ತಿದ್ದಾನೆ. ಇಲ್ಲಿ ಅಪಾರ್ಟ್‌ಮೆಂಟಿನವರು ಅವನನ್ನ "ಏಯ್ ವೆಲ್ಡರ್" ಅಂತಾರೆ. ಅದೇ ಜನ ಜಪಾನಿನ ಕಮ್ಮಾರನನ್ನ "ಕುಶಲಕರ್ಮಿ", "ಗುರು" ಅಂತ ತಲೆ ಮೇಲೆ ಹೊತ್ಕೋತಾರೆ. ಆ ಜಪಾನಿನವನೂ ಪೂರ್ತಿ ಯೋಗ್ಯ, ಅದರಲ್ಲಿ ಎರಡು ಮಾತಿಲ್ಲ. ನಾವು ಮಾತ್ರ ಕೆಲಸವನ್ನ ನೋಡಿ ಕೈ ಮುಗೀತಿಲ್ಲ. ಎಲ್ಲಿ ಹುಟ್ಟಿತು, ಯಾರ ಹತ್ತಿರ ಹುಟ್ಟಿತು, ಎಷ್ಟು ಬೆಲೆ ಅಂತ ನೋಡಿ ಮುಗೀತಿದ್ದೀವಿ. ನಾನೂ ಏನು ಸಾಚಾ ಅಲ್ಲ. ಈ ಐರನ್ ಗಲಾಟೆ ಆಗೋವರೆಗೆ ಆ ಆಚಾರ್ರ ಹೆಸರೇನು ಅಂತ ನಾನೂ ಯಾವತ್ತೂ ಕೇಳಿರಲಿಲ್ಲ. ಎಲ್ಲರಿಗೂ ಅವರು ಬರೀ "ಆಚಾರ್ರು". ಮೊನ್ನೆ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಮ್ಮನಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಸದ್ಯ.

ಅದಕ್ಕೇ ನನ್ನ ಕೋರಿಕೆ ಇಷ್ಟೇ. ಐರನ್ ಕೊಳ್ಳೋರು "ಇದು ಫೋರ್ಜ್ಡಾ?" ಅಂತ ಶುರು ಮಾಡಬೇಡಿ. ತೂಕ ಎಲ್ಲಿ ಕೂತಿದೆ? ತಳ ಹುಲ್ಲಲ್ಲಿ ಹೆಂಗೆ ಜಾರುತ್ತೆ? ನನ್ನ ಎತ್ತರಕ್ಕೆ ಬಗ್ಗಿಸಿ ಕೊಡೋಕಾಗುತ್ತಾ? ಎಂಟೂ ತಲೆಗಳ ತೂಕ ಲೆಕ್ಕಕ್ಕೆ ಸರಿಯಾಗಿದೆಯಾ? ಆಮೇಲೆ ಸಾಧ್ಯವಾದ್ರೆ ಇನ್ನೊಂದು ಪ್ರಶ್ನೆ, ಇದನ್ನ ಉಜ್ಜಿದ್ದು ಯಾರು? ಈ ಪ್ರಶ್ನೆಗಳಿಗೆ ಒಳ್ಳೆ ಉತ್ತರ ಸಿಕ್ಕಿದರೆ ಅದು ಬಡಿದದ್ದೋ, ಹೊಯ್ದದ್ದೋ, ಪ್ರಿಂಟ್ ಮಾಡಿದ್ದೋ... ಯಾವುದಾದರೇನು, ಧಾರಾಳವಾಗಿ ದುಡ್ಡು ಕೊಡಿ.

ಮುಂದಿನ ಭಾನುವಾರ ಹಿರಿಯರು ಮತ್ತೆ ಸಿಗ್ತಾರೆ. ಜೇಬಿನಲ್ಲಿ ಎರಡು ಜೊತೆ ಕಿವಿಯ ಫೋಮು ಇಟ್ಕೊಂಡು ಹೋಗ್ತಿದ್ದೀನಿ. ಸೋತವರು ಮಸಾಲೆ ದೋಸೆ ಕೊಡಿಸಬೇಕು.

ನೀವೇನಂತೀರಿ?